ತೊಲೆಯ ಮೇಲಿನ ವರ್ಷ

ಎಲ್ವೀರಾಳಿಗೆ ಸೈಕಲ್ ರೇಸು ಅಂದರೆ ಮೈಯೆಲ್ಲ ಉರಿಯುತ್ತದೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಫ್ಲಾಂಡರ್ಸಿನ ಲಿಂಡೆಲೆಯಂಥ ಊರಲ್ಲಿ, ಅದೂ ಕಾಗೆದಿಬ್ಬದ ಬುಡದಲ್ಲೇ ಕೆಫೆ ಇಟ್ಟುಕೊಂಡು ಕೂತವಳು, ಈ ರೇಸು ಹಾಳಾಗಿ ಹೋಗಲಿ ಅಂದರೆ ಯಾರು ಕೇಳಿಯಾರು? ಚರ್ಚಿನ ಮೆಟ್ಟಿಲ ಮೇಲೆ ನಿಂತು ದೇವರಿಲ್ಲ ಅಂದರೂ ಇಲ್ಲಿಯ ಜನ ಭುಜ ಕುಣಿಸಿ ಸುಮ್ಮನಾಗುತ್ತಾರೆ. ಏಪ್ರಿಲ್ ತಿಂಗಳ ಆ ಒಂದು ಭಾನುವಾರದ ಬಗ್ಗೆ ಮಾತ್ರ ಎರಡು ಮಾತು ಆಡಬಾರದು. ಆಡಿದರೆ ಮಾರನೇ ದಿನದಿಂದ ಅವಳ ಕುರ್ಚಿಗಳ ಮೇಲೆ ನೊಣವೂ ಕೂರುವುದಿಲ್ಲ.

ಅವಳು ಹುಟ್ಟಿದ್ದು ಎರಡು ಊರಾಚೆ, ಅಗಸೆ ನಾರು ಬಿಡಿಸುವವರ ಮನೆಯಲ್ಲಿ. ಅಪ್ಪನ ಕೈಯಿಂದ ಸದಾ ನೀರಲ್ಲಿ ಕೊಳೆತ ನಾರಿನ ವಾಸನೆ. ಆ ವಾಸನೆ ತಪ್ಪಿಸಿಕೊಳ್ಳಲೆಂದೇ ಗೆರಾರ್ಡನನ್ನು ಮದುವೆಯಾದೆ, ಬಂದು ಬಿಯರಿನ ವಾಸನೆಗೆ ಬಿದ್ದೆ ಎಂದು ಅವಳು ನಗುವುದುಂಟು. ಗೆರಾರ್ಡ್ ಒಳ್ಳೆಯವನೇ. ಕುಡಿದರೆ ಹಾಡುತ್ತಿದ್ದನೇ ಹೊರತು ಕೈ ಎತ್ತುತ್ತಿರಲಿಲ್ಲ. ಅವನಿಗೆ ಇದ್ದ ಹುಚ್ಚು ಒಂದೇ, ಕಲ್ಲುಹಾಸಿನ ರಸ್ತೆಯ ಮೇಲೆ ಓಡುವ ಆ ರೇಸು. ಮಗ ಲೀವನ್ ನಡೆಯುವುದನ್ನು ಕಲಿಯುವ ಮೊದಲೇ ಅವನಿಗೊಂದು ಪುಟ್ಟ ಸೈಕಲ್ ತಂದು ಹಾಸಿಗೆಯ ಪಕ್ಕ ಒರಗಿಸಿಟ್ಟಿದ್ದ.

ಕೆಫೆಯಲ್ಲಿ ಒಂದು ಪದ್ಧತಿ ಹಾಕಿದವನೂ ಅವನೇ. ಬಿಯರ್ ಸುರಿಯುವ ಕಟ್ಟೆಯ ಮೇಲುಗಡೆ ಹೊಗೆ ಹಿಡಿದು ಕರ್ರಗಾದ ಓಕ್ ಮರದ ತೊಲೆಯೊಂದಿದೆ. ಇದುವರೆಗಿನ ರೇಸುಗಳಲ್ಲೆಲ್ಲ ಯಾವುದು ಮೈ ಜುಮ್ಮೆನ್ನಿಸಿತೋ ಅದರ ವರ್ಷವನ್ನು ಆ ತೊಲೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯುವುದು. ಬರೀ ಒಂದು ವರ್ಷ, ಎರಡಕ್ಕೆ ಜಾಗವಿಲ್ಲ. ಪ್ರತಿ ಸಲ ರೇಸು ಮುಗಿದ ಕೂಡಲೆ, ಬೆಳಗಿನಿಂದ ಕೊನೆಯವರೆಗೆ ಅಲ್ಲೇ ಕೂತು ನೋಡಿದವರು ತೀರ್ಪು ಕೊಡಬೇಕು. ಇವತ್ತಿನದು ತೊಲೆಯ ಮೇಲಿನದಕ್ಕಿಂತ ಮೇಲು ಅನ್ನಿಸಿದವರು ತಮ್ಮ ಲೋಟವನ್ನು ಹಾಗೇ ತೆರೆದಿಡಬೇಕು. ಇಲ್ಲ, ಹಳೆಯದೇ ಮೇಲು ಅನ್ನಿಸಿದವರು ಲೋಟದ ಕೆಳಗಿನ ರಟ್ಟಿನ ಬಿಲ್ಲೆಯನ್ನು ತೆಗೆದು ಲೋಟದ ಬಾಯಿಗೆ ಮುಚ್ಚಬೇಕು. ಒಂದೇ ಒಂದು ಲೋಟ ಮುಚ್ಚಿದ್ದರೂ ಸಾಕು, ಹಳೆಯ ವರ್ಷ ಉಳಿಯಿತು. ಉಳಿದ ವರ್ಷಕ್ಕೆ ಅಂದೇ ಸಂಜೆ ಹೊಸದಾಗಿ ಬಣ್ಣ ಬಳಿಯಬೇಕು. ಕೆಫೆಯ ಯಜಮಾನನಿಗೆ, ಯಜಮಾನಿಗೆ ತೀರ್ಪಿನ ಹಕ್ಕಿಲ್ಲ. ಸುರಿಯುವವರು ತೂಗಬಾರದು ಎನ್ನುತ್ತಿದ್ದ ಗೆರಾರ್ಡ್.

ತೊಲೆಯ ಮೇಲೆ ಈಗ ಇರುವುದು ೧೯೯೯. ಆ ವರ್ಷ ಅಳಿಯಬೇಕು. ಎಲ್ವೀರಾಳಿಗೆ ಬದುಕಿನಲ್ಲಿ ಇನ್ನು ಬೇಕಾದದ್ದು ಅದೊಂದೇ.

ಆ ವರ್ಷ ಲೀವನ್ ಮೊದಲ ಬಾರಿಗೆ ದೊಡ್ಡ ತಂಡದ ಅಂಗಿ ತೊಟ್ಟು ಆ ರೇಸಿಗೆ ಇಳಿದಿದ್ದ. ಗೆಲ್ಲುವ ಕುದುರೆಯಲ್ಲ ಅವನು, ನಾಯಕನಿಗೆ ನೀರಿನ ಬಾಟಲಿ ಹೊತ್ತುಕೊಟ್ಟು, ಗಾಳಿಗೆ ಎದೆಯೊಡ್ಡಿ ಅವನನ್ನು ಹಿಂದೆ ಕಾಪಾಡಿಕೊಂಡು ಬರುವ ಆಳು. ಕಾಗೆದಿಬ್ಬಕ್ಕೆ ತಿರುಗುವ ಮೂಲೆಯಲ್ಲಿ, ಕೆಫೆಯ ಕಿಟಕಿಯಿಂದ ಕಾಣುವಷ್ಟು ಹತ್ತಿರದಲ್ಲಿ, ಅವನು ನಾಯಕನನ್ನು ಹಿಂಡಿನ ಮುಂದಕ್ಕೆ ತಂದು ಬಿಟ್ಟ. ನಾಯಕನೂ ಅವನ ಜೊತೆ ನಾಲ್ಕೈದು ಜನರೂ ಪಕ್ಕದಿಂದ ನುಸುಳಿ ಏರು ಹತ್ತಿದರು. ಅದೇ ಹೊತ್ತಿಗೆ ಲೀವನ್ನನ ಮುಂದಿನ ಚಕ್ರ ಒದ್ದೆ ಕಲ್ಲಿನ ಮೇಲೆ ಜಾರಿತು. ಕಿರಿದಾದ ರಸ್ತೆಗೆ ಅಡ್ಡಲಾಗಿ ಬಿದ್ದ. ಹಿಂದಿನಿಂದ ಬಂದ ಹಿಂಡೆಲ್ಲ ಅವನ ಮೇಲೆ ರಾಶಿ ಬಿತ್ತು. ಮುಂದೆ ಹೋದವರು ಮುಂದೆ, ಹಿಂದೆ ಉಳಿದವರು ಹಿಂದೆ. ಅಲ್ಲಿಂದ ಕೊನೆಯವರೆಗೆ ನಡೆದ ಅಟ್ಟಿಸಿಕೊಂಡು ಹೋಗುವ ಆಟವನ್ನು ಈ ಊರಿನವರು ಇವತ್ತಿಗೂ ಕಣ್ಣು ಮುಚ್ಚಿ ಬಾಯಿಪಾಠ ಒಪ್ಪಿಸುತ್ತಾರೆ.

ಎಲ್ವೀರಾ ಬಾಗಿಲಿಗೆ ಓಡಿ ಬಂದಾಗ ಸೈಕಲ್ಲುಗಳ ಗುಡ್ಡೆಯಷ್ಟೇ ಕಂಡಿತ್ತು. ಗೆರಾರ್ಡ್ ಅವಳ ತೋಳು ಹಿಡಿದು, "ಬೀಳೋದೆಲ್ಲ ಮಾಮೂಲು ಕಣೇ, ಎದ್ದು ಹೋಗ್ತಾನೆ ಬಿಡು," ಎಂದಿದ್ದ. ಆಂಬುಲೆನ್ಸ್ ಬಂತು, ಯಾರನ್ನೋ ಎತ್ತಿಕೊಂಡು ಹೋಯಿತು. ಒಳಗೆ ಟಿವಿಯಲ್ಲಿ ರೇಸು ಮುಗಿಯಿತು, ಲೀವನ್ನನ ನಾಯಕ ಗೆದ್ದ, ಜನ ಮೇಜಿನ ಮೇಲೆ ಹತ್ತಿ ಕುಣಿದರು. ಒಂದು ಲೋಟವೂ ಮುಚ್ಚಲಿಲ್ಲ. ಗೆರಾರ್ಡ್ ಕುರ್ಚಿ ಹತ್ತಿ, ನಗುನಗುತ್ತಾ, ನಾಲ್ಕು ಅಂಕಿಗಳನ್ನು ತೊಲೆಯ ಮೇಲೆ ಬರೆದ. ಕೊನೆಯ ಒಂಬತ್ತರ ಬಾಲ ಎಳೆಯುತ್ತಿರುವಾಗ ಆಸ್ಪತ್ರೆಯಿಂದ ಫೋನು ಬಂತು.

ಸೊಂಟದ ಕೀಲು ಪುಡಿ, ತೊಡೆಯ ಮೂಳೆ ಎರಡು ಕಡೆ ಮುರಿತ. ಎಷ್ಟು ಸಲ ಕೊಯ್ದು ಹೊಲಿದರೂ ಬಲಗಾಲು ಎಡಗಾಲಿಗಿಂತ ಗಿಡ್ಡವಾಗೇ ಉಳಿಯಿತು. ನಾಯಕ ಹೂವು ಕಳಿಸಿದ, ತಾನು ಬರಲಿಲ್ಲ. ತಂಡದವರು ಆ ವರ್ಷದ ಕೊನೆಗೆ, ಒಳ್ಳೆಯದಾಗಲಿ ಎಂದು ಹಾರೈಸಿ ಕೈ ತೊಳೆದುಕೊಂಡರು. ಈಗ ಲೀವನ್ ಪುರಸಭೆಯ ರಸ್ತೆ ಕೆಲಸದವನು. ಕಿತ್ತುಹೋದ ಕಲ್ಲುಗಳನ್ನು ಮತ್ತೆ ಕೂರಿಸುವ ಗುಂಪಿನಲ್ಲಿ, ಮೊಣಕಾಲಿಗೆ ರಬ್ಬರ್ ಕಟ್ಟಿಕೊಂಡು ಕಾಗೆದಿಬ್ಬದ ಮೇಲೆ ಸುತ್ತಿಗೆ ಬಡಿಯುತ್ತಾನೆ. ತನ್ನನ್ನು ಬೀಳಿಸಿದ ರಸ್ತೆಯನ್ನು ತಾನೇ ನೆಟ್ಟಗೆ ಮಾಡುತ್ತಾ ಕೂತಿರುವ ಮಗನನ್ನು ಕಿಟಕಿಯಿಂದ ನೋಡಿದಾಗಲೆಲ್ಲ ಎಲ್ವೀರಾ ಪರದೆ ಎಳೆದುಬಿಡುತ್ತಾಳೆ.

ಗೆರಾರ್ಡ್ ಅಂದಿನಿಂದ ಹಾಡುವುದನ್ನು ಬಿಟ್ಟ. ತೊಲೆಗೆ ಬೆನ್ನು ಮಾಡಿ ಕೂರುವುದು ಅಭ್ಯಾಸವಾಯಿತು. ಆ ವರ್ಷ ಅಳಿಸು ಎಂದು ಎಲ್ವೀರಾ ಕಾಲು ಹಿಡಿಯುವುದೊಂದು ಬಾಕಿ. "ನಾನೇ ಹಾಕಿದ ಪದ್ಧತಿ, ನಾನೇ ಮುರಿದ್ರೆ ನಾಳೆ ಜನ ಏನಂತಾರೆ?" ಎನ್ನುತ್ತಿದ್ದ. ಜನ ಏನಂತಾರೆ ಅನ್ನುವುದರಲ್ಲೇ ಪುಪ್ಪುಸದ ರೋಗ ಬಂದು ಸತ್ತೂ ಹೋದ. ಅವನನ್ನು ಮಣ್ಣು ಮಾಡಿದ ಮೇಲೆ, ಒಂದು ವಸಂತದಲ್ಲಿ ಸುಣ್ಣ ಬಳಿಸುವ ನೆಪ ಮಾಡಿ ಎಲ್ವೀರಾ ಅದನ್ನು ಉಜ್ಜಿ ತೆಗೆದಳು. ಮಾರನೇ ದಿನವೇ ಮಾಂಸದಂಗಡಿಯ ಓಮೆರ್ ಬಣ್ಣದ ಡಬ್ಬಿ ಹಿಡಿದು ಬಂದ. "ಪಾಪ, ಗಂಡ ಹೋದ ದುಃಖದಲ್ಲಿ ಮರೆತೆ ಅಲ್ವಾ ಎಲ್ವೀರಾ? ನಾನಿಲ್ವಾ?" ಎಂದು ಮುಂಚಿಗಿಂತ ದಪ್ಪವಾಗಿ ಬರೆದುಕೊಟ್ಟು ಒಂದು ಬಿಯರು ಪುಕ್ಕಟೆ ಕುಡಿದು ಹೋದ. ಅಲ್ಲಿಂದ ಮುಂದೆ ಪ್ರತಿ ವರ್ಷ ಬಣ್ಣ ಬಳಿಯುವ ಕೆಲಸ ಅವನದೇ ಆಯಿತು.

ಹಾಗಾಗಿ ಆ ವರ್ಷ ಹೋಗಬೇಕಾದರೆ ಉಳಿದ ದಾರಿ ಒಂದೇ. ಅದನ್ನು ಮೀರಿಸುವಂಥ ರೇಸು ನಡೆಯಬೇಕು.

ನಡೆದರೆ ತಾನೆ! ಈಗಿನ ರೇಸುಗಳನ್ನು ಈ ಅಭಿಮಾನಿ ಮಹಾಶಯರು ಹೊಗಳಿದ್ದನ್ನು ಯಾರೂ ಕೇಳಿಲ್ಲ. ಇಡೀ ಜನ್ಮದಲ್ಲಿ ಅಂಚೆಯವನ ಸೈಕಲ್ಲನ್ನೂ ತುಳಿಯದ ಓಮೆರ್, "ಕಿವೀಲಿ ರೇಡಿಯೋ ಸಿಗಿಸ್ಕೊಂಡು ಓಡ್ತಾರೆ, ಇದೂ ಒಂದು ರೇಸಾ? ಟೆಲಿಫೋನ್ ಆಪರೇಟರುಗಳು!" ಎನ್ನುತ್ತಾನೆ. ಹೆಂಚು ಹೊದಿಸುವ ಕೆಲಸದಿಂದ ನಿವೃತ್ತನಾದ ಫಿರ್ಮಿನ್ ಇನ್ನೂ ಒಂದು ಕೈ ಮೇಲು. ಅವನಿಗೆ ತನ್ನ ಮದುವೆಯ ದಿನವೂ ಸಪ್ಪೆ ಎನಿಸಿತ್ತಂತೆ. ಗೆದ್ದವನು ಒಬ್ಬನೇ ಬಂದರೆ, "ಶವದ ಗಾಡಿ ಮುಂದೆ, ಅತ್ಕೊಂಡು ಬರೋರು ಹಿಂದೆ," ಎನ್ನುತ್ತಾನೆ. ಹಿಂಡಾಗಿ ಬಂದರೆ, "ಹಂದಿ ಸಂತೆ," ಎನ್ನುತ್ತಾನೆ. ಕ್ಷೌರದಂಗಡಿಯ ಯೊಸಿಯಾನಳಿಗೆ ಸವಾರರ ತೊಡೆಯ ಸುತ್ತಳತೆಯೂ ಗೊತ್ತು, ಹೆಂಡತಿಯರ ಜಗಳವೂ ಗೊತ್ತು. ಅವಳದು ಒಂದೇ ದೂರು, "ಮಳೆ ಇಲ್ಲ, ಕೆಸರಿಲ್ಲ, ಮುಖ ನೋಡಿದ್ರೆ ಈಗ ತಾನೆ ನನ್ನ ಅಂಗಡೀಲಿ ಶೇವ್ ಮಾಡಿಸ್ಕೊಂಡು ಬಂದ ಹಾಗಿದೆ!" ಆಮೇಲೆ ಮೂವರೂ ಲೋಟಕ್ಕೆ ಬಿಲ್ಲೆ ಮುಚ್ಚಿ, ತೊಲೆಯ ಕಡೆ ಕತ್ತೆತ್ತಿ, ಹಳೆ ಹೆಂಡತಿಯ ನೆನಪಾದವರಂತೆ ನಿಟ್ಟುಸಿರು ಬಿಡುತ್ತಾರೆ.

ಇವರಿಗೆ ಬೇಕಾದದ್ದು ಏನು ಎಂಬುದು ಎಲ್ವೀರಾಳಿಗೆ ಚೆನ್ನಾಗಿ ಗೊತ್ತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ ಇವರು. ಆದರೂ ಕಳೆದ ಕೆಲವು ವರ್ಷಗಳಿಂದ ಅವಳೇ ರೇಸಿನ ಹಿಂದಿನ ದಿನ ದಿಬ್ಬದ ಮೇಲಿನ ಮಾತೆಯ ಗುಡಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬರುತ್ತಾಳೆ. ತಾಯಿ, ಮಳೆ ಕೊಡು, ಅಡ್ಡಗಾಳಿ ಕೊಡು ಎಂದು ಬೇಡುತ್ತಾಳೆ. ಆಮೇಲೆ ಎದ್ದು ಬರುವಾಗ, ಯಾರ ಮಗನೂ ಬೀಳದಿರಲಿ ಎಂದು ಸೇರಿಸುತ್ತಾಳೆ. ಎರಡೂ ಒಟ್ಟಿಗೆ ಸಿಗುವುದಿಲ್ಲವೆಂದು ಅವಳಿಗೆ ತಿಳಿಯದ್ದೇನಲ್ಲ.

ಈ ವರ್ಷ ಮಾತೆ ಮೊದಲ ಅರ್ಧವನ್ನು ಕೇಳಿಸಿಕೊಂಡಳು. ಬೆಳಗ್ಗೆಯೇ ಪಶ್ಚಿಮದಿಂದ ಗಾಳಿ ಎದ್ದಿತ್ತು. ಮಳೆ ಓರೆಯಾಗಿ ಬಂದು ಕಿಟಕಿಗೆ ರಾಚುತ್ತಿತ್ತು. ಎಲ್ವೀರಾ ಬಿಯರಿನಲ್ಲಿ ಬೇಯಿಸಿದ ದನದ ಮಾಂಸದ ದೊಡ್ಡ ಪಾತ್ರೆಯನ್ನು ಒಲೆಯ ಮೇಲಿಟ್ಟು, ಚೀಸಿನ ತುಂಡು, ಸಾಸಿವೆ ತಟ್ಟೆಗಳನ್ನು ಸಾಲಾಗಿ ಜೋಡಿಸಿದ್ದಳು. ಓಮೆರ್ ಒದ್ದೆ ಟೋಪಿ ಕೊಡವುತ್ತಾ ಒಳಗೆ ಬಂದ.

"ಆಹಾ! ಇದು ಹವಾ ಅಂದ್ರೆ! ಇವತ್ತು ಒಂದಷ್ಟು ಮೂಳೆ ಲಟಲಟ ಅಂತಾವೆ ನೋಡ್ತಿರು."

"ನಾಲಿಗೆ ಬಿಗಿ ಹಿಡಿಯೋ," ಎಂದಳು ಯೊಸಿಯಾನ, ಕಟ್ಟೆಯ ಕಡೆ ಕಣ್ಣು ಮಾಡಿ. ಅಲ್ಲಿ ಲೀವನ್ ಲೋಟ ಒರೆಸುತ್ತಾ ನಿಂತಿದ್ದ. ರೇಸಿನ ದಿನ ಅವನಿಗೆ ರಜೆ, ಬೆಳಗಿನಿಂದ ಅಮ್ಮನ ಕೈಗೆ ಆಗುತ್ತಾನೆ, ನಡುನಡುವೆ ಕಟ್ಟೆಯ ತುದಿಯಲ್ಲಿ ತನ್ನ ಲೋಟ ಇಟ್ಟುಕೊಂಡು ಕೂರುತ್ತಾನೆ.

"ಅವನೇನು ಬೇಜಾರು ಮಾಡ್ಕೊಳಲ್ಲ, ಅಲ್ವೇನೋ ಲೀವನ್?" ಎಂದ ಓಮೆರ್. "ಈ ತೊಲೆ ಮೇಲಿರೋದು ಇವನ ವರ್ಷ ಕಣೇ. ಇವನು ಬೀಳ್ದೇ ಹೋಗಿದ್ರೆ ರೇಸೆಲ್ಲಿತ್ತು?"

ಲೀವನ್ ನಕ್ಕ. ಎಲ್ವೀರಾ ಸಾಸಿವೆಯ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಇವನ ನಾಲಿಗೆಗೆ ಹುಳ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿದಳು.

ರೇಸು ತೋರಿಸುವ ಮೊದಲು ಟಿವಿಯವರು ಹಳೆಯ ರೇಸುಗಳ ತುಣುಕುಗಳನ್ನು ಹಾಕುತ್ತಾರೆ. ಆ ಹೊತ್ತು ಬರುವ ಮುಂಚೆ ಎಲ್ವೀರಾಳ ಕೆಲಸವೊಂದಿದೆ. ಅದನ್ನು ಅವಳು ಯಾವ ವರ್ಷವೂ ತಪ್ಪಿಸಿಲ್ಲ.

"ಲೀವನ್, ಪೀಪಾಯಿ ಖಾಲಿ ಆಯ್ತು ಅನ್ಸುತ್ತೆ. ಕೆಳಗೆ ಹೋಗಿ ಬದಲಾಯಿಸಿ ಬಾಪ್ಪಾ."

"ಅರ್ಧ ಇದೆಯಲ್ಲಮ್ಮ."

"ನೊರೆ ಬರ್ತಿದೆ. ಹೋಗು ಅಂದ್ರೆ ಹೋಗು."

ಅವನು ಒಂದು ಕಾಲು ಎಳೆಯುತ್ತಾ ನೆಲಮಾಳಿಗೆಯ ಮೆಟ್ಟಿಲಿಳಿದ. ಅವನ ತಲೆ ಮರೆಯಾಗುವುದಕ್ಕೂ ಟಿವಿಯಲ್ಲಿ ಆ ಮೂಲೆ ಬರುವುದಕ್ಕೂ ಸರಿಹೋಯಿತು. ವೀಕ್ಷಕ ವಿವರಣೆಯವನ ಹಳೆಯ ದನಿ ಕಿರುಚಿತು, ಚಕ್ರ ಜಾರಿತು, ಹಿಂಡು ಕುಸಿಯಿತು. ಕೆಫೆಯಲ್ಲಿದ್ದವರೆಲ್ಲ ಒಟ್ಟಿಗೆ ಓಹೋ ಎಂದರು, ಪಟಾಕಿ ನೋಡುವ ಮಕ್ಕಳ ಹಾಗೆ. ಎಲ್ವೀರಾ ಪರದೆಯ ಕಡೆ ನೋಡದೆ ಮಾಂಸದ ಪಾತ್ರೆ ಕಲಕಿದಳು. ಮಗನನ್ನಾದರೂ ಇದರಿಂದ ಉಳಿಸಿದೆನಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಆಮೇಲೆ ರೇಸು ಶುರುವಾಯಿತು. ಫಿರ್ಮಿನ್ ಎಂದಿನಂತೆ, "ನಾರ್ವೆಯವನೇ ಗೆಲ್ಲೋದು, ದಿಬ್ಬದ ಮೇಲೆ ಒಬ್ಬನೇ ಓಡಿ ಹೋಗ್ತಾನೆ, ನಾವು ಆಕಳಿಸ್ತಾ ಕೂರ್ಬೇಕು. ಎಲ್ವೀರಾ, ದಿಂಬಿದ್ರೆ ಕೊಡು," ಎಂದ. ಎತ್ತರದ ಆ ನಾರ್ವೆಯವನು ಹಿಂದಿನ ಮೂರು ವರ್ಷವೂ ಹಾಗೇ ಒಬ್ಬನೇ ಗೆದ್ದಿದ್ದ. ಎಲ್ವೀರಾಳಿಗೆ ಅವನ ಮುಖ ಕಂಡರಾಗುತ್ತಿರಲಿಲ್ಲ. ಅವನು ಚೆನ್ನಾಗಿ ಓಡುತ್ತಾನೆ ಎಂಬುದೇ ಅವನ ತಪ್ಪು.

ಆದರೆ ಇಂದು ಗಾಳಿ ಅವನ ಮಾತು ಕೇಳಲಿಲ್ಲ. ಬಯಲಿನಲ್ಲಿ ಹಿಂಡು ಹರಿದ ಬಟ್ಟೆಯಂತೆ ಮೂರು ಚೂರಾಯಿತು. ಒಬ್ಬ ಓಡಿಹೋದರೆ ಇನ್ನೊಬ್ಬ ಹಿಡಿದ, ಹಿಡಿದವನನ್ನು ಮತ್ತೊಬ್ಬ ಬಿಟ್ಟು ಹೋದ. ಸುತ್ತು ಹಾಕಿ ಬರುವ ರೇಸು ಅಂದು ಮೊದಲ ಸಲ ಊರಿಗೆ ಬಂದಾಗ ಎಲ್ಲರೂ ಲೋಟ ಕೈಯಲ್ಲಿ ಹಿಡಿದೇ ಬಾಗಿಲಿಗೆ ಓಡಿದರು. ಕೆಸರಿನ ಮುಖಗಳು ಉಸಿರೆಳೆಯುವಷ್ಟರಲ್ಲಿ ದಾಟಿ ಹೋದವು. ಒಳಗೆ ಬಂದು ಕೂತಾಗ ಫಿರ್ಮಿನ್ ದಿಂಬಿನ ಮಾತು ಎತ್ತಲಿಲ್ಲ. ಓಮೆರ್ ಮಾಂಸದ ತಟ್ಟೆಯನ್ನು ಮುಟ್ಟಿರಲಿಲ್ಲ, ಕರಿದ ಆಲೂಗಡ್ಡೆ ಆರಿ ಮೆತ್ತಗಾಗಿತ್ತು. ಎಲ್ವೀರಾ ಅದನ್ನು ಗಮನಿಸಿದಳು. ಓಮೆರ್ ತಿನ್ನುವುದನ್ನು ಮರೆತ ರೇಸು ಅವಳ ನೆನಪಿನಲ್ಲಿ ಒಂದೇ ಒಂದು.

ಕೊನೆಯ ಬಾರಿ ಕಾಗೆದಿಬ್ಬಕ್ಕೆ ಬಂದಾಗ ನಾರ್ವೆಯವನು ಎಲ್ಲರನ್ನೂ ಹಿಡಿದು ಮುಂದಾಗಿದ್ದ. ಇನ್ನೇನು ಒಬ್ಬನೇ ಹೊರಟುಬಿಡುತ್ತಾನೆ, ಎಲ್ಲ ಮುಗಿಯಿತು, ತೊಲೆಯ ಮೇಲಿನ ವರ್ಷ ಅಲ್ಲೇ ಉಳಿಯಿತು ಎಂದುಕೊಂಡಳು ಎಲ್ವೀರಾ. ಅಷ್ಟರಲ್ಲಿ ಅದೇ ಮೂಲೆಯಲ್ಲಿ ಅವನ ಚಕ್ರ ಜಾರಿತು. ಅವನು ಬಿದ್ದ.

ಎಲ್ವೀರಾ ಚಪ್ಪಾಳೆ ತಟ್ಟಿಬಿಟ್ಟಳು.

ಗಟ್ಟಿಯಾಗಿ, ಎರಡು ಸಲ. ಆ ಗದ್ದಲದಲ್ಲಿ ಯಾರೂ ನೋಡಿದಂತಿರಲಿಲ್ಲ. ಓಮೆರ್ ಕಟ್ಟೆಗೆ ಗುದ್ದಿ, "ಲೀವನ್! ನೀನು ಕೂರಿಸಿದ ಕಲ್ಲು ಕಣೋ ಅದು! ಇವನಿಗೊಂದು ಬಿಯರು ಕೊಡು ಎಲ್ವೀರಾ, ನನ್ನ ಲೆಕ್ಕಕ್ಕೆ!" ಎಂದು ಕೂಗಿದ. ಎಲ್ಲರೂ ನಕ್ಕರು. ಟಿವಿಯಲ್ಲಿ ನಾರ್ವೆಯವನು ಭುಜ ಹಿಡಿದುಕೊಂಡು ಕಲ್ಲಿನ ಮೇಲೆ ಕೂತಿದ್ದ. ಇವನ ತಾಯಿಯೂ ಎಲ್ಲೋ ಒಂದು ಅಡುಗೆಮನೆಯಲ್ಲಿ ನಿಂತು ಇದನ್ನು ನೋಡುತ್ತಿರಬಹುದು ಎಂದು ಎಲ್ವೀರಾಳಿಗೆ ಹೊಳೆಯಿತು. ತನ್ನ ಎರಡೂ ಅಂಗೈಗಳನ್ನು ಅವಳು ಏಪ್ರನ್ನಿಗೆ ಒರೆಸಿಕೊಂಡಳು. ನಾಚಿಕೆಯಾಯಿತು, ಆದರೆ ಕಣ್ಣು ಟಿವಿಯಿಂದ ಕೀಳಲಾಗಲಿಲ್ಲ. ಕೊನೆಗೆ ಅವನು ಎದ್ದು ಸೈಕಲ್ ಹತ್ತಿದ್ದನ್ನು ನೋಡಿ ಅವಳು ಬಿಟ್ಟ ಉಸಿರು ಅವನ ಮೇಲಿನ ಕರುಣೆಗೋ, ರೇಸು ಇನ್ನೂ ರಂಗೇರುತ್ತದೆ ಎಂಬ ಆಸೆಗೋ, ಅವಳಿಗೇ ಗೊತ್ತಾಗಲಿಲ್ಲ.

ಏರಿತು ಕೂಡ. ಕೆಸರಿನಲ್ಲಿ ಅದ್ದಿದ ನಾಲ್ಕು ಜನ ಕೊನೆಯ ನೇರ ರಸ್ತೆಗೆ ಒಟ್ಟಿಗೆ ಬಂದರು. ಹಿಂದಿನಿಂದ ನಾರ್ವೆಯವನು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಬಂದು ಅವರನ್ನು ಮುಟ್ಟಿದ. ಐವರೂ ಒಟ್ಟಿಗೆ ಗೆರೆ ದಾಟಿದರು. ಗೆದ್ದವನು ಯಾರು ಎಂದು ಫೋಟೋ ನೋಡಿ ಹೇಳಬೇಕಾಯಿತು. ಆವರೆಗೆ ಯಾರೂ ಹೆಸರು ಕೇಳಿರದ, ಪಕ್ಕದ ಜಿಲ್ಲೆಯ ಹುಡುಗನೊಬ್ಬ ಟಯರಿನ ದಪ್ಪದಷ್ಟು ಅಂತರದಲ್ಲಿ ಗೆದ್ದಿದ್ದ.

ಕೆಫೆಯಲ್ಲಿ ಗದ್ದಲ ಇಳಿಯುವವರೆಗೆ ಎಲ್ವೀರಾ ಕಾದಳು. ಆಮೇಲೆ ಗೆರಾರ್ಡನ ಹಾಗೆ ಕಟ್ಟೆಗೆ ಕೈ ಬಡಿದು, "ಲೋಟ!" ಎಂದಳು.

ಯೊಸಿಯಾನಳ ಲೋಟ ತೆರೆದಿತ್ತು. "ಇದಕ್ಕಿಂತ ಕೆಸರು ಬೇಕು ಅಂದ್ರೆ ಹಂದಿ ಸಾಕ್ಬೇಕು," ಎಂದಳು. ಓಮೆರ್ ಬಿಲ್ಲೆಯನ್ನು ಎರಡು ತುಂಡಾಗಿ ಹರಿದು ಎಸೆದ. ಎಲ್ಲರೂ ಫಿರ್ಮಿನ್‌ನ ಕಡೆ ತಿರುಗಿದರು. ಅವನು ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಾ ಬಹಳ ಹೊತ್ತು ಕೂತ. ಕಣ್ಣು ಒದ್ದೆಯಾಗಿತ್ತು.

"ಆಕಳಿಕೆ ಬರಲಿಲ್ಲ," ಎಂದ ಕೊನೆಗೆ. "ಏನು ಮಾಡೋದು, ಬರಲಿಲ್ಲ." ಬಿಲ್ಲೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

ಮೇಜುಗಳ ಉದ್ದಕ್ಕೂ ಲೋಟಗಳೆಲ್ಲ ತೆರೆದಿದ್ದವು. ಎಲ್ವೀರಾಳ ಕೈಯಲ್ಲಿ ಒದ್ದೆ ಬಟ್ಟೆ ಆಗಲೇ ಬಂದಿತ್ತು. ಅದು ಎಲ್ಲಿಂದ ಬಂತೋ ಅವಳಿಗೂ ತಿಳಿಯದು. ಓಮೆರ್ ಕುರ್ಚಿ ಎಳೆದು ತೊಲೆಯ ಕೆಳಗಿಟ್ಟು, ಒಂದು ಕಾಲು ಮೇಲಿಟ್ಟು, "ಕೊಡಿಲ್ಲಿ ಬಟ್ಟೇನ, ಹಳೇ ಮುದುಕೀನ ಕಳಿಸ್ಕೊಡೋಣ," ಎಂದ.

"ಇರು ಓಮೆರ್," ಎಂದಳು ಯೊಸಿಯಾನ ಮೆಲ್ಲಗೆ.

ಕಟ್ಟೆಯ ತುದಿಯಲ್ಲಿ ಲೀವನ್ನನ ಲೋಟವಿತ್ತು. ಅದರ ಬಾಯಿಗೆ ಬಿಲ್ಲೆ ಮುಚ್ಚಿತ್ತು.

ಎಲ್ವೀರಾ ಮೊದಲು, ಪಾಪ, ಮರೆತು ಇಟ್ಟಿರಬೇಕು ಅಂದುಕೊಂಡಳು. ಅವನ ಲೋಟದ ಕಡೆ ಅವಳು ಈ ಹಿಂದೆ ಯಾವತ್ತೂ ನೋಡಿಯೇ ಇರಲಿಲ್ಲ. ಮುಚ್ಚಿದ ಲೋಟಗಳ ನಡುವೆ ಇನ್ನೊಂದು ಮುಚ್ಚಿದ ಲೋಟ ಯಾರಿಗೆ ಕಾಣುತ್ತದೆ?

"ಏನೋ ಇದು?" ಎಂದ ಓಮೆರ್. "ಆಟಾನಾ?"

"ಆಟ ಅಲ್ಲ. ಹಳೇದೇ ಮೇಲು."

"ಏ ಮಾರಾಯ, ಐದು ಜನ ಒಟ್ಟಿಗೆ ಗೆರೆ ದಾಟಿದ್ರೋ! ಒಂದೇ ಕೈಯಲ್ಲಿ ಬಂದ್ನೋ ಅವನು! ನಿನ್ನ ಕಣ್ಣಿಗೇನು ಮಣ್ಣು ಬಿತ್ತಾ?"

"ನೋಡ್ದೆ. ಚೆನ್ನಾಗಿತ್ತು," ಎಂದ ಲೀವನ್. "ಆದ್ರೂ ಹಳೇದೇ ಮೇಲು."

"ಅವನು ಮನೆಯವನು ಕಣ್ರೋ, ಅವನಿಗೆ ಲೆಕ್ಕವಿಲ್ಲ," ಎಂದಳು ಎಲ್ವೀರಾ. "ಸುರಿಯೋರು ತೂಗಬಾರ್ದು ಅಂತ ಗೆರಾರ್ಡ್ ಹೇಳಿಲ್ವಾ?"

"ಯಜಮಾನಿ ನೀನು, ನಾನಲ್ಲ," ಎಂದ ಮಗ. "ನಾನು ನನ್ನ ಬಿಯರಿಗೆ ದುಡ್ಡು ಕೊಟ್ಟು ಕುಡಿಯೋನು. ಅಪ್ಪ ಇದ್ದಾಗಲೂ ನನ್ನ ಲೋಟ ಲೆಕ್ಕಕ್ಕಿತ್ತು. ಫಿರ್ಮಿನ್, ಇತ್ತೋ ಇಲ್ಲವೋ ನೀವೇ ಹೇಳಿ."

ಫಿರ್ಮಿನ್ ತಲೆ ಕೆರೆದುಕೊಂಡ. "ಇತ್ತಪ್ಪ. ಪದ್ಧತಿ ಅಂದ್ರೆ ಪದ್ಧತಿ."

ಓಮೆರ್ ಕುರ್ಚಿಯಿಂದ ಕಾಲಿಳಿಸಿದ. ಮುಖ ಕೆಂಪಾಗಿತ್ತು. ಇಷ್ಟು ವರ್ಷ ಹಳೆಯ ವರ್ಷವನ್ನು ತಲೆಯ ಮೇಲೆ ಹೊತ್ತು ಕುಣಿದವನಿಗೆ ಇಂದು ಅದು ಬೇಡವಾಗಿತ್ತು. ಅಭಿಮಾನಿಗಳ ಅಭಿಮಾನ ಅಷ್ಟೇ. ಟೋಪಿ ಹಾಕಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಈ ಸಲ ನಾನು ಬಣ್ಣ ಬಳಿಯಲ್ಲ. ಅಷ್ಟು ಬೇಕಿದ್ರೆ ಅವನೇ ಕುರ್ಚಿ ಹತ್ಲಿ."

ಆ ಮಾತಿಗೆ ಯೊಸಿಯಾನ ಅವನ ಬೆನ್ನಿಗೆ ಗುದ್ದಿ ಹೊರಗೆ ತಳ್ಳಿಕೊಂಡು ಹೋದಳು. ಒಬ್ಬೊಬ್ಬರೇ ಕೋಟು ಹುಡುಕಿ ಎದ್ದರು. ಫಿರ್ಮಿನ್ ಹೋಗುವಾಗ ಲೀವನ್ನನ ಭುಜ ಮುಟ್ಟಲು ಕೈ ಎತ್ತಿ, ಮನಸ್ಸು ಬದಲಾಯಿಸಿ ತನ್ನ ಛತ್ರಿ ತೆಗೆದುಕೊಂಡ.

ಮಳೆ ನಿಂತು ಸಂಜೆಯ ಬಿಸಿಲು ಬಿದ್ದಿತ್ತು. ಕಿಟಕಿಯಾಚೆ ರಸ್ತೆಯ ಕಲ್ಲುಗಳು ಹೊಳೆಯುತ್ತಿದ್ದವು. ಎಲ್ವೀರಾ ಒದ್ದೆ ಬಟ್ಟೆಯನ್ನು ಮಗನ ಮುಂದೆ ಎಸೆದಳು.

"ನನ್ನ ಹೊಟ್ಟೆ ಉರಿಸೋಕೆ ಮಾಡಿದ್ಯಾ? ಇಷ್ಟು ವರ್ಷ ಆ ಅಂಕಿಗಳ ಕೆಳಗೆ ನಿಂತು ಬಿಯರ್ ಸುರಿದಿದ್ದೀನಿ ನಾನು. ಯಾರಿಗೋಸ್ಕರ? ನಿನಗೆ ನೋವಾಗ್ಬಾರ್ದು ಅಂತ ಟಿವಿ ಮುಂದಿಂದ ಎಬ್ಬಿಸಿ ಕಳಿಸ್ತೀನಿ. ನಿನಗೋಸ್ಕರ ಮೇಣದ ಬತ್ತಿ ಹಚ್ತೀನಿ. ಇವತ್ತು ಕಂಡೋರ ಮಗ ಬಿದ್ದಾಗ ಚಪ್ಪಾಳೆ ಹೊಡೆದೆ ಕಣೋ ನಾನು, ಗೊತ್ತಾ?"

"ಗೊತ್ತು. ನೋಡ್ದೆ."

ಅವಳು ಅಂಗೈಗಳನ್ನು ಮತ್ತೆ ಏಪ್ರನ್ನಿಗೆ ಒರೆಸಿಕೊಂಡಳು.

"ಪ್ರತಿ ವರ್ಷ ಪೀಪಾಯಿ ಖಾಲಿ ಆಗತ್ತೆ," ಎಂದ ಲೀವನ್. "ಕೆಳಗೆ ಹೋಗಿ ನೋಡಿದ್ರೆ ಅರ್ಧ ಇರತ್ತೆ. ನಾನೇನು ದಡ್ಡ ಅಲ್ಲಮ್ಮ. ಅಲ್ಲಿ ನಿಂತ್ರೆ ಹಲಗೆ ಸಂದಿಯಿಂದ ಟಿವಿ ಕೇಳ್ಸತ್ತೆ. ವಿವರಣೆ ಹೇಳೋನು ಎರಡು ಸಲ ನನ್ನ ಹೆಸರು ಹೇಳ್ತಾನೆ. ಒಂದ್ಸಲ ಬಿದ್ದಾಗ. ಒಂದ್ಸಲ ಅದಕ್ಕೆ ಮುಂಚೆ, ನಾಯಕನನ್ನ ಮುಂದೆ ಕರ್ಕೊಂಡು ಹೋಗ್ತಿದ್ನಲ್ಲ, ಆಗ. ಲೀವನ್ ಬಂದ, ಲೀವನ್ ಎಷ್ಟು ಚೆನ್ನಾಗಿ ತರ್ತಿದ್ದಾನೆ ನೋಡಿ ಅಂತ. ನೀನು ಅದನ್ನ ಕೇಳಿದ್ದೀಯಾ?"

ಅವಳು ಕೇಳಿರಲಿಲ್ಲ. ಆ ಹೊತ್ತಿಗೆಲ್ಲ ಅವಳು ಪಾತ್ರೆಯೊಳಗೆ ಸೌಟು ಬಡಿಯುತ್ತಾ ಕಿವಿ ಮುಚ್ಚಿಕೊಂಡಿರುತ್ತಿದ್ದಳು.

"ಒಂದು ವರ್ಷನಾದ್ರೂ ಮೇಲೆ ನಿಂತು ನೋಡ್ಬೇಕು ಅಂತಿತ್ತು. ನೀನು ಬಿಡಲಿಲ್ಲ. ನಿನ್ನ ಮನಸ್ಸಿಗೆ ಹಾಗಾದ್ರೂ ಸಮಾಧಾನ ಆಗ್ಲಿ ಅಂತ ನಾನೂ ಹೋಗ್ತಿದ್ದೆ." ಅವನು ಬಿಲ್ಲೆಯನ್ನು ಲೋಟದ ಮೇಲಿಂದ ತೆಗೆದು ಮತ್ತೆ ಮುಚ್ಚಿದ. "ಮುಂದಿನ ವರ್ಷದಿಂದ ಟಿವೀಲಿ ಇವತ್ತಿನದನ್ನೇ ತೋರಿಸ್ತಾರೆ. ಎಲ್ಲರಿಗೂ ಇದೇ ಬೇಕು. ಅದು ನನ್ನ ಕೈಲಿಲ್ಲ. ಈ ತೊಲೆ ಒಂದೇ ಉಳ್ದಿರೋದು. ಅದನ್ನೂ ಅಳಿಸಿದ್ರೆ ನಾನು ರಸ್ತೆ ರಿಪೇರಿ ಮಾಡೋ ಕುಂಟ, ಅಷ್ಟೇ ಅಲ್ವಾ?"

ಎಲ್ವೀರಾಳಿಗೆ ಅಳು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಸಿಟ್ಟೂ ಇಳಿಯಲಿಲ್ಲ. ಗೆರಾರ್ಡನ ಮೇಲೆ, ಓಮೆರನ ಮೇಲೆ, ಮೇಲಿನ ಗುಡಿಯಲ್ಲಿ ಕೂತ ಮಾತೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಉರಿಯಿತು. ಮಗನ ಹೆಸರನ್ನು ಕೂಗಿ ಹೊಗಳಿದ ಒಂದೇ ಒಂದು ದನಿ ವರ್ಷಕ್ಕೊಮ್ಮೆ ಮನೆಗೆ ಬರುತ್ತಿತ್ತು, ಆಗ ಅವಳು ಅವನನ್ನು ಕತ್ತಲೆಗೆ ಅಟ್ಟುತ್ತಿದ್ದಳು.

ಅವನು ಕಟ್ಟೆಯ ಹಿಂದಿನಿಂದ ಬಣ್ಣದ ಡಬ್ಬಿ, ಬ್ರಷ್ಷು ತಂದ. ಓಮೆರ್ ಬಿಟ್ಟುಹೋದ ಕುರ್ಚಿಯನ್ನು ತೊಲೆಯ ಕೆಳಗೆ ಸರಿಮಾಡಿದ. ಹತ್ತಲು ನೋಡಿದ. ಗಿಡ್ಡ ಕಾಲು ಕುರ್ಚಿಯ ಎತ್ತರಕ್ಕೆ ಮಡಿಚಿಕೊಳ್ಳಲಿಲ್ಲ.

"ನನ್ನ ಕೈಲಿ ಆಗಲ್ಲ," ಎಂದು ಬ್ರಷ್ಷನ್ನು ಅವಳಿಗೆ ಚಾಚಿದ. "ನಾನು ಕುರ್ಚಿ ಹಿಡ್ಕೋತೀನಿ. ನೀನು ಹತ್ತು."

ಅವಳು ಹತ್ತಿದಳು. ವಯಸ್ಸಾದ ಮೊಣಕಾಲು ಕಟಕಟ ಎಂದಿತು. ಇಷ್ಟು ಹತ್ತಿರದಿಂದ ಆ ಅಂಕಿಗಳನ್ನು ಅವಳು ನೋಡಿದ್ದು ಉಜ್ಜಿ ತೆಗೆದ ದಿನ ಮಾತ್ರ. ವರ್ಷವರ್ಷವೂ ಬಳಿದ ಬಣ್ಣ ಗಾಯದ ಹಕ್ಕಳೆಯ ಹಾಗೆ ದಪ್ಪ ಕಟ್ಟಿತ್ತು. ಒಂದನ್ನು ಬರೆದಳು. ಮೊದಲ ಒಂಬತ್ತು, ಎರಡನೆಯದು. ಫೋನು ಬಂದ ಹೊತ್ತಿನಲ್ಲಿ ಗೆರಾರ್ಡ್ ನಿಲ್ಲಿಸಿದ್ದ ಕೊನೆಯ ಒಂಬತ್ತರ ಬಾಲಕ್ಕೆ ಬಂದಾಗ ಬ್ರಷ್ಷು ನಿಂತಿತು.

ಕೆಳಗೆ ಕುರ್ಚಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಲೀವನ್ ಕತ್ತೆತ್ತಿ ನೋಡುತ್ತಿದ್ದ.

"ಇನ್ನೂ ದಪ್ಪ ಬಳಿಯಮ್ಮ," ಎಂದ. "ಬಾಗಿಲಿಂದ ಕಾಣ್ಬೇಕು."

ಎಲ್ವೀರಾ ಬ್ರಷ್ಷನ್ನು ಇನ್ನೊಮ್ಮೆ ಬಣ್ಣದಲ್ಲಿ ಅದ್ದಿದಳು.